ಎರಡು ಅಡಿ ಉಳಿಸಿದ್ದಕ್ಕೆ ನೂರಿಪ್ಪತ್ತು ವರ್ಷ ಬಡ್ಡಿ

676 ಮಿಲಿಮೀಟರ್. ಇವತ್ತಿನ ಮಾತೆಲ್ಲ ಈ ಒಂದು ಸಂಖ್ಯೆಯ ಸುತ್ತ.

ಅಡಿ ಲೆಕ್ಕದಲ್ಲಿ ಹೇಳೋದಾದರೆ ಎರಡು ಅಡಿಗಿಂತ ಚೂರು ಹೆಚ್ಚು. ನಿಮ್ಮ ಮನೆಯ ಬಚ್ಚಲಿನ ಬಾಗಿಲು ಕೂಡ ಬಹುಶಃ ಇದಕ್ಕಿಂತ ಅಗಲ ಇರುತ್ತೆ. ಆದರೆ ಇಷ್ಟು ಜಾಗ ಉಳಿಸಬೇಕು ಅಂತ 1870ರಲ್ಲಿ ತೆಗೆದುಕೊಂಡ ಒಂದು ತೀರ್ಮಾನ ಇದೆಯಲ್ಲ, ಅದನ್ನು ತಿದ್ದುವ ಕೆಲಸಕ್ಕೆ ಈ ದೇಶ ದೊಡ್ಡ ಮಟ್ಟದಲ್ಲಿ ಕೈಹಾಕಿದ್ದು 1992ರಲ್ಲಿ. ಲೆಕ್ಕ ಹಾಕಿ. 122 ವರ್ಷ. ಕೆಲಸ ಇನ್ನೂ ಪೂರ್ತಿ ಮುಗಿದಿಲ್ಲ.

ಇದು ರೈಲು ಹಳಿಯ ಕಥೆ. ಎರಡು ಹಳಿಗಳ ನಡುವಿನ ಅಂತರದ ಕಥೆ. ಅದಕ್ಕೆ ಗೇಜ್ ಅಂತಾರೆ. ಭಾರತದಲ್ಲಿ ರೈಲು ಬಂದಿದ್ದು 1853ರಲ್ಲಿ, ಇವತ್ತು ನಮ್ಮ ರೈಲು ಜಾಲ 68 ಸಾವಿರ ಕಿಲೋಮೀಟರ್ ದಾಟಿದೆ, ಜಗತ್ತಿನ ದೊಡ್ಡ ಜಾಲಗಳಲ್ಲಿ ಇದೂ ಒಂದು. ಇದೆಲ್ಲ ಶಾಲೆ ಪುಸ್ತಕದಲ್ಲೇ ಇದೆ, ಎಲ್ಲರಿಗೂ ಗೊತ್ತು. ಗೊತ್ತಿಲ್ಲದೇ ಇರೋದು ಏನಂದ್ರೆ, ಇದು ಬಹಳ ಕಾಲ ಒಂದು ಜಾಲವೇ ಆಗಿರಲಿಲ್ಲ. ಒಂದೇ ದೇಶದಲ್ಲಿ ಎರಡು-ಮೂರು ದೇಶಗಳ ರೈಲು ಓಡುತ್ತಿದ್ದ ಹಾಗಿತ್ತು. ಒಂದರ ಗಾಡಿ ಇನ್ನೊಂದರ ಹಳಿ ಮೇಲೆ ಹೋಗುತ್ತಿರಲಿಲ್ಲ.

ಮೊದಲು ಮೂರು ಹೆಸರು ನೆನಪಿಟ್ಟುಕೊಳ್ಳಿ. ಬ್ರಾಡ್‌ಗೇಜ್: ಹಳಿಗಳ ನಡುವೆ 1,676 ಮಿ.ಮೀ., ಅಂದ್ರೆ ಐದೂವರೆ ಅಡಿ. ಮೀಟರ್‌ಗೇಜ್: ಹೆಸರೇ ಹೇಳುವಂತೆ 1,000 ಮಿ.ಮೀ. ಆಮೇಲೆ ನ್ಯಾರೋಗೇಜ್: 762 ಅಥವಾ 610 ಮಿ.ಮೀ., ಅಂದ್ರೆ ಎರಡೂವರೆ ಅಡಿ, ಎರಡು ಅಡಿ. ಬ್ರಾಡ್‌ಗೇಜ್‌ನಲ್ಲಿ ಮೀಟರ್‌ಗೇಜ್ ಕಳೆದರೆ ಉಳಿಯೋದೇ ನಮ್ಮ 676.

ಈಗ 1853ಕ್ಕೆ ಹೋಗೋಣ. ಏಪ್ರಿಲ್ 16. ಮುಂಬೈನ ಬೋರಿ ಬಂದರಿನಿಂದ ಠಾಣೆಗೆ 34 ಕಿ.ಮೀ. ದೂರ ಮೊದಲ ಪ್ರಯಾಣಿಕ ರೈಲು ಹೊರಟಿತು. ಹದಿನಾಲ್ಕು ಬೋಗಿ, ಸುಮಾರು 400 ಅತಿಥಿಗಳು, ಎಳೆಯೋಕೆ ಮೂರು ಎಂಜಿನ್. ಈ ರೈಲು ಓಡಿದ್ದು ಐದೂವರೆ ಅಡಿ ಅಗಲದ ಬ್ರಾಡ್‌ಗೇಜ್ ಹಳಿ ಮೇಲೆ. ಬ್ರಿಟಿಷರು ತಮ್ಮ ದೇಶದಲ್ಲಿ ಹಾಕಿಕೊಂಡಿದ್ದ ಹಳಿಗಿಂತ ಇದು ಅಗಲ. ಅಲ್ಲಿ 1,435 ಮಿ.ಮೀ. ಇಲ್ಲಿ 1,676.

ಯಾಕೆ ಅಂತೀರಾ? ಆಗ ಗವರ್ನರ್ ಜನರಲ್ ಆಗಿದ್ದವನು ಡಾಲ್‌ಹೌಸಿ. ದತ್ತುಮಕ್ಕಳಿಗೆ ಹಕ್ಕಿಲ್ಲ ಅಂತ ರಾಜ್ಯಗಳನ್ನು ನುಂಗಿದ್ದವನು, ಆ ಕಾರಣಕ್ಕೆ ನಮಗೆ ಪರಿಚಯ. ಆದರೆ ಭಾರತಕ್ಕೆ ಬರುವ ಮುಂಚೆ ಆತ ಬ್ರಿಟನ್ನಿನಲ್ಲಿ ವ್ಯಾಪಾರ ಮಂಡಳಿಯ ಮುಖ್ಯಸ್ಥನಾಗಿದ್ದ. ರೈಲ್ವೆ ಕಂಪನಿಗಳ ಜಗಳವೆಲ್ಲ ಆತನ ಮೇಜಿಗೇ ಬರುತ್ತಿತ್ತು. ಆ ಕಾಲದ ಬ್ರಿಟನ್ನಿನಲ್ಲಿ ಗ್ರೇಟ್ ವೆಸ್ಟರ್ನ್ ಕಂಪನಿ ಏಳಡಿಯ ಹಳಿ ಹಾಕಿಕೊಂಡಿತ್ತು, ಮಿಕ್ಕವರು ನಾಲ್ಕು ಅಡಿ ಎಂಟೂವರೆ ಇಂಚು. ಎತ್ತು ಏರಿಗೆ, ಕೋಣ ನೀರಿಗೆ. ಎರಡೂ ಸೇರುವ ಊರುಗಳಲ್ಲಿ ಸಾಮಾನು ಇಳಿಸು, ಹತ್ತಿಸು, ಒಡೆದುಹಾಕು, ಕಳೆದುಕೋ. ಕೊನೆಗೆ 1846ರಲ್ಲಿ ಪಾರ್ಲಿಮೆಂಟ್ ಗೇಜ್ ಬಗ್ಗೆ ಕಾನೂನನ್ನೇ ತರಬೇಕಾಯಿತು.

ಆ ಪಡಿಪಾಟಲನ್ನು ಹತ್ತಿರದಿಂದ ಕಂಡಿದ್ದ ಡಾಲ್‌ಹೌಸಿ ಭಾರತದ ವಿಷಯದಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಿದ. ಇಡೀ ದೇಶಕ್ಕೆ ಒಂದೇ ಗೇಜ್ ಇರಬೇಕು. ಆತ ಕೇಳಿದ್ದು ಆರು ಅಡಿ. ಲಂಡನ್ನಿನ ಕಂಪನಿ ನಿರ್ದೇಶಕರು ಐದೂವರೆ ಅಡಿಗೆ ಒಪ್ಪಿದರು. ದೊಡ್ಡ ದೇಶ, ದೂರದ ಪ್ರಯಾಣ, ಭಾರವಾದ ಸರಕು, ಆದ್ದರಿಂದ ಅಗಲದ ಹಳಿ, ಎಲ್ಲ ಕಡೆ ಒಂದೇ ಹಳಿ. ಡಾಲ್‌ಹೌಸಿ ಮಾಡಿದ ಬೇರೆ ಕೆಲಸಗಳ ಬಗ್ಗೆ ನೀವು ಏನೇ ಹೇಳಿ, ಈ ವಿಷಯದಲ್ಲಿ ಎಂಜಿನಿಯರಿಂಗ್ ಲೆಕ್ಕ ಸರಿಯಾಗಿತ್ತು.

ಹಾಗಾದ್ರೆ ಕೆಟ್ಟಿದ್ದೆಲ್ಲಿ? ದುಡ್ಡಿನಲ್ಲಿ.

ಭಾರತದಲ್ಲಿ ರೈಲು ಹಾಕಿದ್ದು ಸರ್ಕಾರ ಅಲ್ಲ, ಬ್ರಿಟನ್ನಿನ ಖಾಸಗಿ ಕಂಪನಿಗಳು. ಅವರಿಗೆ ಕೊಟ್ಟ ಷರತ್ತು ಕೇಳಿ. ಜಾಗ ಪುಕ್ಕಟೆ. ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ಶೇಕಡಾ 5ರಷ್ಟು ಲಾಭ ಗ್ಯಾರಂಟಿ. ರೈಲು ಅಷ್ಟು ದುಡಿಯಲಿಲ್ಲ ಅಂದ್ರೆ? ಕಮ್ಮಿ ಬಿದ್ದದ್ದನ್ನು ಭಾರತದ ಖಜಾನೆ ತುಂಬಿಕೊಡಬೇಕು. ಖಜಾನೆಗೆ ದುಡ್ಡು ಎಲ್ಲಿಂದ ಬರುತ್ತೆ? ನಮ್ಮ ರೈತ ಕಟ್ಟಿದ ಕಂದಾಯದಿಂದ.

ಈ ಷರತ್ತಿನ ಪರಿಣಾಮ ಊಹಿಸೋಕೆ ಯಾವ ಡಿಗ್ರಿಯೂ ಬೇಡ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಖರ್ಚು ಕಮ್ಮಿ ಮಾಡಬೇಕು ಅನ್ನೋ ದರ್ದು ಯಾರಿಗೂ ಇರಲಿಲ್ಲ. ಮೈಲಿಗೆ ಇಷ್ಟಾಗುತ್ತೆ ಅಂತ ಮೊದಲು ಹಾಕಿದ ಅಂದಾಜನ್ನು ಖರ್ಚು ಎಲ್ಲೋ ದಾಟಿ ಹೋಯಿತು. ಭಾರತ ಸರ್ಕಾರದ ಹಣಕಾಸು ನೋಡಿಕೊಂಡಿದ್ದ ವಿಲಿಯಂ ಮ್ಯಾಸಿ ಎಂಬ ಅಧಿಕಾರಿ 1872ರಲ್ಲಿ ಬ್ರಿಟಿಷ್ ಸಂಸದೀಯ ಸಮಿತಿ ಮುಂದೆ ಬಾಯಿಬಿಟ್ಟು ಹೇಳಿದ್ದ: ಶೇಕಡಾ 5 ಖಾತ್ರಿ ಇರುವಷ್ಟು ಕಾಲ, ತನ್ನ ದುಡ್ಡನ್ನು ಹೂಗ್ಲಿ ನದಿಗೆ ಸುರಿದರೂ, ಇಟ್ಟಿಗೆ-ಗಾರೆಗೆ ಹಾಕಿದರೂ ಲಂಡನ್ನಿನ ಹೂಡಿಕೆದಾರನಿಗೆ ಎರಡೂ ಒಂದೇ ಅಂತ.

ಹೀಗೆ ಖಜಾನೆ ಸೋರುತ್ತಿದ್ದಾಗ, 1869ರಲ್ಲಿ ವೈಸ್‌ರಾಯ್ ಆಗಿ ಬಂದವನು ಲಾರ್ಡ್ ಮೇಯೋ. ಇನ್ನು ಮುಂದೆ ಸರ್ಕಾರವೇ ರೈಲು ಹಾಕಬೇಕು, ಅದೂ ಅಗ್ಗವಾಗಿ ಹಾಕಬೇಕು ಅನ್ನೋದು ಆತನ ನಿಲುವು. ಅಗ್ಗ ಮಾಡೋದು ಹೇಗೆ? ಹಳಿ ಕಿರಿದು ಮಾಡು. ಡಾಲ್‌ಹೌಸಿಯ ಒಂದೇ ಗೇಜ್ ನಿಯಮ 1870ರಲ್ಲಿ ಮುರಿದುಬಿತ್ತು. ಹೊಸ ಅಳತೆ, ಒಂದು ಮೀಟರ್.

ಇಂಚು-ಅಡಿಯ ಬ್ರಿಟಿಷರು ಮೀಟರ್ ಯಾಕೆ ಹಿಡಿದರು ಅಂತ ಆಶ್ಚರ್ಯ ಆಗಬಹುದು. ಆ ಹೊತ್ತಿಗೆ ಭಾರತಕ್ಕೆ ಮೆಟ್ರಿಕ್ ಪದ್ಧತಿ ತರುವ ಆಲೋಚನೆ ಸರ್ಕಾರದಲ್ಲಿ ನಡೆದಿತ್ತು. ಆ ಆಲೋಚನೆ ಕೈಗೂಡಲಿಲ್ಲ. ನಮ್ಮ ಬಟ್ಟೆ ಅಂಗಡಿಗೆ ಮೀಟರ್ ಬಂದಿದ್ದು ಸ್ವಾತಂತ್ರ್ಯದ ನಂತರ. ಹಳಿಗೆ ಮಾತ್ರ ಸುಮಾರು 90 ವರ್ಷ ಮುಂಚೆಯೇ ಬಂದುಬಿಟ್ಟಿತ್ತು. ಮೊದಲ ಮೀಟರ್‌ಗೇಜ್ ರೈಲು 1873ರಲ್ಲಿ ದೆಹಲಿ–ರೇವಾರಿ ನಡುವೆ ಓಡಿತು. ನೋಡೋಕೆ ಮೇಯೋ ಇರಲಿಲ್ಲ. ಹಿಂದಿನ ವರ್ಷವೇ ಅಂಡಮಾನ್‌ನಲ್ಲಿ ಕೈದಿಯೊಬ್ಬ ಆತನನ್ನು ಇರಿದು ಕೊಂದಿದ್ದ.

ಇಲ್ಲಿ ನನ್ನೊಳಗಿನ ಎಂಜಿನಿಯರಿಂಗ್ ವಿದ್ಯಾರ್ಥಿ ಒಂದೆರಡು ಮಾತು ಸೇರಿಸಬೇಕು. ಹಳಿಯನ್ನು ಎರಡು ಅಡಿ ಕಿರಿದು ಮಾಡಿದರೆ ಅಷ್ಟೊಂದು ಉಳಿಯುತ್ತಾ? ಉಳಿಯುತ್ತೆ. ಹಳಿ ಕಿರಿದಾದರೆ ಅಡ್ಡಕ್ಕೆ ಹಾಕುವ ಸ್ಲೀಪರ್ ಚಿಕ್ಕದು. ಗಾಡಿ ಹಗುರ, ಆದ್ದರಿಂದ ಹಳಿಯ ಕಬ್ಬಿಣವೂ ಹಗುರ. ಮಣ್ಣಿನ ಏರಿ ಸಣ್ಣದು, ಜಲ್ಲಿ ಕಮ್ಮಿ. ಸೇತುವೆ ಸಣ್ಣದು, ಸುರಂಗ ಕಿರಿದು. ಎಲ್ಲಕ್ಕಿಂತ ಮುಖ್ಯ, ಗುಡ್ಡಗಾಡಿನಲ್ಲಿ ಹೆಚ್ಚು ಬಿಗಿಯಾದ ತಿರುವು ತೆಗೆದುಕೊಳ್ಳಬಹುದು. ಗುಡ್ಡ ಕಡಿಯುವ ಬದಲು ಗುಡ್ಡವನ್ನು ಸುತ್ತಿಕೊಂಡು ಹೋಗಬಹುದು. ಇದೆಲ್ಲ ನಿಜವಾದ ಉಳಿತಾಯ.

ಕಳೆದುಕೊಳ್ಳೋದೂ ಇದೆ. ತಳ ಕಿರಿದಾದಷ್ಟೂ ಗಾಡಿ ಓಲಾಡುತ್ತೆ, ವೇಗ ಮಿತಿಯಲ್ಲಿ ಇರಬೇಕು. ಬೋಗಿ ಕಿರಿದು, ಜನ ಕಮ್ಮಿ. ವ್ಯಾಗನ್ ಚಿಕ್ಕದು, ಸರಕು ಕಮ್ಮಿ. ಅಂದ್ರೆ ಕಟ್ಟುವಾಗ ಉಳಿಸಿದ್ದು ಒಂದು ಸಲ. ಓಡಿಸುವಾಗ ಕಳೆದುಕೊಳ್ಳೋದು ಪ್ರತಿ ದಿನ.

ಈ ಲೆಕ್ಕ ಆಗಿನವರಿಗೆ ಗೊತ್ತಿರಲಿಲ್ಲ ಅಂತ ತಿಳಿಯಬೇಡಿ. ಚೆನ್ನಾಗಿ ಗೊತ್ತಿತ್ತು. ಸಾಕ್ಷಿ ಬೇಕಾ? ವಾಯವ್ಯ ಗಡಿಯ ಕಡೆ, ಇವತ್ತಿನ ಪಾಕಿಸ್ತಾನದ ಸಿಂಧೂ ಕಣಿವೆ, ಲಾಹೋರ್, ಪೇಶಾವರದ ಭಾಗದಲ್ಲಿ ಹೋಗುವ ಮಾರ್ಗಗಳನ್ನೂ ಮೊದಲು ಮೀಟರ್‌ಗೇಜ್ ಅಂತಲೇ ಯೋಜಿಸಿದ್ದರು. ಸೇನೆಯವರು ತಕರಾರು ಎತ್ತಿದರು. ಯುದ್ಧ ಬಂದಾಗ ತೋಪು, ಕುದುರೆ, ಸೈನಿಕರನ್ನು ಮಧ್ಯದಾರಿಯಲ್ಲಿ ಇಳಿಸಿ ಹತ್ತಿಸುತ್ತಾ ಕೂರೋಕೆ ಆಗುತ್ತಾ? ಆ ಮಾರ್ಗಗಳು ಬ್ರಾಡ್‌ಗೇಜ್ ಆದವು. ಸೇನೆಗೆ ಬೇಕಾದ ಕಡೆ ಅಗಲದ ಹಳಿ. ರಾಜಸ್ಥಾನ, ಅಸ್ಸಾಂ, ಮೈಸೂರು, ಧಾರವಾಡದಂಥ ಕಡೆ ಕಿರಿದು ಸಾಕು. ಯಾರ ಸಮಯಕ್ಕೆ ಬೆಲೆ, ಯಾರ ಸಮಯಕ್ಕೆ ಬೆಲೆ ಇಲ್ಲ ಅನ್ನೋದು ಆ ನಕ್ಷೆಯಲ್ಲೇ ಕಾಣುತ್ತೆ.

ಆದರೆ ಮೀಟರ್‌ಗೇಜ್ ಪರವಾಗಿ ಒಂದು ಮಾತು ಹೇಳದೇ ಹೋದರೆ ಅನ್ಯಾಯ ಆಗುತ್ತೆ. ಅದಕ್ಕೆ ನಮ್ಮ ಮೈಸೂರು ಸಂಸ್ಥಾನಕ್ಕೇ ಬರಬೇಕು.

ಬೆಂಗಳೂರಿಗೆ ರೈಲು ಬಂದಿದ್ದು 1864ರಲ್ಲಿ. ಜೋಲಾರ್‌ಪೇಟೆಯಿಂದ ದಂಡು ಪ್ರದೇಶಕ್ಕೆ, ಅಂದ್ರೆ ಇವತ್ತಿನ ಕಂಟೋನ್ಮೆಂಟ್ ನಿಲ್ದಾಣಕ್ಕೆ. ಬ್ರಾಡ್‌ಗೇಜ್. ಅಲ್ಲಿಗೆ ನಿಂತಿತು. ಮುಂದೆ ಮೈಸೂರು, ತುಮಕೂರು, ಚಿತ್ರದುರ್ಗದ ಕಡೆ ಒಂದು ಮೈಲಿ ಹಳಿಯೂ ಇರಲಿಲ್ಲ. 1876ರಲ್ಲಿ ಮಳೆ ಕೈಕೊಟ್ಟಿತು. 1876–78ರ ಆ ಭೀಕರ ಬರದಲ್ಲಿ ಧಾನ್ಯ ರೈಲಿನಲ್ಲಿ ಬೆಂಗಳೂರಿನ ತನಕ ಬಂತು. ಅಲ್ಲಿಂದ ಹಳ್ಳಿಗಳಿಗೆ? ಎತ್ತಿನ ಗಾಡಿ. ಮೇವು-ನೀರಿಲ್ಲದೆ ಎತ್ತುಗಳೇ ಸಾಯುತ್ತಿದ್ದ ಕಾಲದಲ್ಲಿ ಎತ್ತಿನ ಗಾಡಿ!

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಎಣಿಸಿದಾಗ ಸಿಕ್ಕಿದ್ದು ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಏರಬೇಕಾದ ಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚು ಇಳಿದಿತ್ತು. ಈ ಸಂಖ್ಯೆಯನ್ನು ಓದಿ ಮುಂದಕ್ಕೆ ಹೋಗಬೇಡಿ, ಒಂದು ನಿಮಿಷ ನಿಲ್ಲಿ. ಇದು ನಮ್ಮ ಮುತ್ತಜ್ಜ-ಮುತ್ತಜ್ಜಿಯರ ಊರುಗಳ ಲೆಕ್ಕ.

ಆ ಹೊಡೆತದ ಬೆನ್ನಲ್ಲೇ ಬೆಂಗಳೂರು–ಮೈಸೂರು ಮಾರ್ಗ ಬಂತು. 1882ರ ಹೊತ್ತಿಗೆ ರೈಲು ಮೈಸೂರು ಮುಟ್ಟಿತು. ಆ ದಶಕ ಮುಗಿಯುವಷ್ಟರಲ್ಲಿ ತುಮಕೂರು, ಅರಸೀಕೆರೆ ದಾಟಿ ಹರಿಹರಕ್ಕೆ ಹಳಿ ಹೋಯಿತು. ಎಲ್ಲ ಮೀಟರ್‌ಗೇಜ್. ಬರದಿಂದ ಬರಿದಾಗಿದ್ದ ಸಂಸ್ಥಾನಕ್ಕೆ ಆಗ ಎರಡು ಆಯ್ಕೆ ಇತ್ತು. ಅಗ್ಗದ ರೈಲು ಬೇಗ, ಅಥವಾ ದುಬಾರಿ ರೈಲು ಯಾವತ್ತೋ. ಮುಂದಿನ ಬರಕ್ಕೆ ಮುಂಚೆ ಹಳ್ಳಿಗೆ ಧಾನ್ಯ ಮುಟ್ಟಿಸಬೇಕು ಅಂತ ಯೋಚನೆ ಮಾಡುವವರು ಯಾವುದನ್ನು ಆರಿಸಿಕೊಳ್ಳಬೇಕಿತ್ತು? ನೀವೇ ಹೇಳಿ. ಆದ್ದರಿಂದ ಮೀಟರ್‌ಗೇಜ್ ಹಾಕಿದ್ದೇ ಮೂರ್ಖತನ ಅಂತ ನಾನು ಹೇಳಲ್ಲ. ಇಲ್ಲಿ ತೊಂದರೆ ಬೇರೆಯೇ ಇದೆ.

ತೊಂದರೆ ಶುರುವಾಗೋದು ಎರಡು ಗೇಜ್ ಸೇರುವ ಜಾಗದಲ್ಲಿ. ಅಂಥ ನಿಲ್ದಾಣದಲ್ಲಿ ಏನಾಗುತ್ತೆ ನೋಡಿ. ಬ್ರಾಡ್‌ಗೇಜ್‌ನಲ್ಲಿ ಗೂಡ್ಸ್ ಗಾಡಿ ಬಂತು. ಎದುರುಗಡೆ ಹಳಿಯಲ್ಲಿ ಮೀಟರ್‌ಗೇಜ್ ಗಾಡಿ ನಿಂತಿದೆ. ಹಮಾಲಿಗಳು ಒಂದೊಂದು ಮೂಟೆಯನ್ನೂ ಬೆನ್ನ ಮೇಲೆ ಹೊತ್ತು ಈ ಕಡೆಯಿಂದ ಆ ಕಡೆಗೆ ಹಾಕಬೇಕು. ಈ ಗಾಡಿ ದೊಡ್ಡದು, ಆ ಗಾಡಿ ಚಿಕ್ಕದು. ಒಂದರ ಸರಕು ಇನ್ನೊಂದಕ್ಕೆ ಸರಿಯಾಗಿ ಹಿಡಿಯಲ್ಲ. ಆ ಕಡೆ ಖಾಲಿ ವ್ಯಾಗನ್ ಇಲ್ಲ ಅಂದ್ರೆ ಈ ಕಡೆ ಸರಕು ಬಿಸಿಲಲ್ಲೋ ಮಳೆಯಲ್ಲೋ ಕಾಯಬೇಕು. ಹೆಂಚು ಒಡೆಯುತ್ತೆ, ಸಿಮೆಂಟ್ ನೆನೆಯುತ್ತೆ, ಹಣ್ಣು ಕೊಳೆಯುತ್ತೆ, ಮೂಟೆಗೆ ತೂತು ಬಿದ್ದು ಅಕ್ಕಿ ಸೋರುತ್ತೆ. ಮೂಟೆಯೇ ಮಾಯ ಆಗೋದೂ ಉಂಟು.

ಇನ್ನೊಂದು ಮುಖ ಹೊರಗೆ ಕಾಣಲ್ಲ. ಎಂಜಿನ್, ಬೋಗಿ, ವರ್ಕ್‌ಶಾಪ್, ಬಿಡಿಭಾಗ ಎಲ್ಲವೂ ಎರಡೆರಡು ಸೆಟ್ ಬೇಕು. ದಸರಾ ಹೊತ್ತಿಗೆ ಮೈಸೂರು ರೈಲು ಕಾಲಿಡೋಕೆ ಜಾಗವಿಲ್ಲದಷ್ಟು ತುಂಬಿದೆ ಅಂತಿಟ್ಟುಕೊಳ್ಳಿ. ಅದೇ ಹೊತ್ತಲ್ಲಿ ಮದ್ರಾಸಿನಲ್ಲಿ ಬ್ರಾಡ್‌ಗೇಜ್ ಬೋಗಿಗಳು ಖಾಲಿ ನಿಂತಿದ್ದರೂ ಮೈಸೂರಿಗೆ ತರೋ ಹಾಗಿಲ್ಲ. ಹಳಿಗೆ ಕೂರಲ್ಲ.

ಮನೆಯಲ್ಲಿ ಅರವತ್ತು ದಾಟಿದವರು ಇದ್ದರೆ ಕೇಳಿ. ಮದ್ರಾಸಿನಿಂದ ಮೈಸೂರಿಗೆ ಬರೋರು ಬೆಂಗಳೂರಿನಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು. ಬೆಂಗಳೂರಿನಿಂದ ಹುಬ್ಬಳ್ಳಿ ಮೇಲೆ ಮುಂಬೈಗೆ ಹೋಗೋರು ಮಿರಜ್‌ನಲ್ಲಿ ಇಳಿಯಬೇಕಿತ್ತು. ಟ್ರಂಕು, ಹಾಸಿಗೆ ಸುರುಳಿ, ನೀರಿನ ಕೂಜ, ನಿದ್ದೆಗಣ್ಣಿನ ಮಕ್ಕಳು, ಎಲ್ಲವನ್ನೂ ಒಂದು ಪ್ಲಾಟ್‌ಫಾರ್ಮ್‌ನಿಂದ ಇನ್ನೊಂದಕ್ಕೆ ಸಾಗಿಸಿ ಮತ್ತೆ ಸೀಟು ಹಿಡಿಯಬೇಕು. ಗೇಜ್ ಅನ್ನೋ ಪದ ಗೊತ್ತಿಲ್ಲದವರಿಗೂ ಅದರ ಭಾರ ಗೊತ್ತಿತ್ತು.

ಈ ಭಾರ ಎಷ್ಟು ದೊಡ್ಡದು ಅಂತ ಬ್ರಿಟಿಷರಿಗೇ ಪಾಠವಾಗಿದ್ದು ಎರಡನೇ ಮಹಾಯುದ್ಧದಲ್ಲಿ. ಜಪಾನಿ ಸೇನೆ ಬರ್ಮಾ ಹಿಡಿದು ಈಶಾನ್ಯದ ಬಾಗಿಲಿಗೆ ಬಂದಿತ್ತು. ಅಸ್ಸಾಂ ಗಡಿಗೆ ಮದ್ದುಗುಂಡು, ಪೆಟ್ರೋಲ್, ಆಹಾರ ಸಾಗಬೇಕು. ಕಲ್ಕತ್ತಾದಿಂದ ಬ್ರಾಡ್‌ಗೇಜ್‌ನಲ್ಲಿ ಹೊರಟ ಸರಕು ಇವತ್ತಿನ ಬಾಂಗ್ಲಾದೇಶದಲ್ಲಿರುವ ಪಾರ್ಬತಿಪುರದಲ್ಲಿ ನಿಲ್ಲುತ್ತಿತ್ತು. ಅಲ್ಲಿ ಎಲ್ಲವನ್ನೂ ಇಳಿಸಿ ಮೀಟರ್‌ಗೇಜ್ ಗಾಡಿಗೆ ತುಂಬಬೇಕು. ಆಮೇಲೆ ಬ್ರಹ್ಮಪುತ್ರಾ ನದಿ. ಸೇತುವೆ ಇಲ್ಲ, ವ್ಯಾಗನ್‌ಗಳನ್ನು ದೋಣಿ ಮೇಲೆ ದಾಟಿಸಬೇಕು. ಚಹಾ ಎಲೆ ಸಾಗಿಸೋಕೆ ಅಂತ ಹಾಕಿದ್ದ ಹಳಿ ಮೇಲೆ ಒಂದು ಮಹಾಯುದ್ಧದ ಸರಕು ಬಂದು ಬಿತ್ತು. ಕೊನೆಗೆ 1944ರ ಮಾರ್ಚ್‌ನಲ್ಲಿ ಅಮೆರಿಕದ ಸೇನೆಯ ರೈಲ್ವೆ ತುಕಡಿಗಳೇ ಬಂದು ಆ ಮಾರ್ಗವನ್ನು ನಡೆಸಬೇಕಾಯಿತು. ವಾಯವ್ಯದಲ್ಲಿ ಸೇನೆಗಾಗಿ ಅಗಲ ಮಾಡಿದ್ದರು. ಈಶಾನ್ಯದಲ್ಲಿ ಶತ್ರು ಬರುತ್ತಾನೆ ಅಂತ ಯಾರೂ ಎಣಿಸಿರಲಿಲ್ಲ.

ಸ್ವಾತಂತ್ರ್ಯ ಬಂತು. ಆಮೇಲಾದರೂ ಸರಿ ಮಾಡಬಹುದಿತ್ತಲ್ಲ ಅಂತ ನೀವು ಕೇಳಬಹುದು. 1951ರ ಹೊತ್ತಿಗೆ ನಮ್ಮ ಕೈಲಿದ್ದದ್ದು ಸುಮಾರು 53,600 ಕಿ.ಮೀ. ರೈಲು ಮಾರ್ಗ. ಅದರಲ್ಲಿ ಬ್ರಾಡ್‌ಗೇಜ್ ಸುಮಾರು 25 ಸಾವಿರ, ಮೀಟರ್‌ಗೇಜ್ ಸುಮಾರು 24 ಸಾವಿರ, ಉಳಿದದ್ದು ನ್ಯಾರೋಗೇಜ್. ಹೆಚ್ಚೂಕಮ್ಮಿ ಅರ್ಧಕ್ಕರ್ಧ ದೇಶ ಬೇರೆ ಹಳಿ ಮೇಲೆ ಓಡುತ್ತಿತ್ತು. ದೇಶ ವಿಭಜನೆಯಾಗಿ ಅಸ್ಸಾಂಗೆ ರೈಲು ಸಂಪರ್ಕವೇ ಕಡಿದುಹೋದಾಗ ನಮ್ಮ ಎಂಜಿನಿಯರುಗಳು ಕಾಡು, ನದಿ, ಜೌಗು ದಾಟಿಕೊಂಡು ಎರಡೇ ವರ್ಷದಲ್ಲಿ ಹೊಸ ಮಾರ್ಗ ಹಾಕಿದರು. 1950ರ ಜನವರಿಯಲ್ಲಿ ರೈಲು ಓಡಿತು. ದೊಡ್ಡ ಸಾಧನೆ, ಅನುಮಾನವೇ ಇಲ್ಲ. ಆದರೆ ಅದೂ ಮೀಟರ್‌ಗೇಜ್. ಆ ಕಡೆ ಇರೋದೆಲ್ಲ ಮೀಟರ್‌ಗೇಜ್ ಆಗಿರುವಾಗ ಬೇರೆ ಏನು ಹಾಕೋಕೆ ಸಾಧ್ಯ?

ಇದೇ ನೋಡಿ ಈ ಕಥೆಯ ಗಂಟು. ಒಂದು ಸಲ ಅಳತೆ ನಿಂತರೆ, ಮುಂದೆ ಸೇರುವ ಪ್ರತಿಯೊಂದೂ ಅದೇ ಅಳತೆಗೆ ಬರುತ್ತೆ. ಪ್ರತಿ ಹೊಸ ಕಿಲೋಮೀಟರ್ ಹಳೇ ತೀರ್ಮಾನವನ್ನು ಇನ್ನಷ್ಟು ಗಟ್ಟಿ ಮಾಡುತ್ತೆ. ಹಾಸನ–ಮಂಗಳೂರು ಮಾರ್ಗ ಪೂರ್ತಿಯಾಗಿ ತೆರೆದಿದ್ದು 1979ರಲ್ಲಿ. ಆ ಹೊತ್ತಿಗೆ ಮಂಗಳೂರಿಗೆ ಕೇರಳದ ಕಡೆಯಿಂದ ಬ್ರಾಡ್‌ಗೇಜ್ ಬಂದು ಎಪ್ಪತ್ತು ವರ್ಷ ಆಗಿತ್ತು. ಆದರೂ ಹಾಸನದ ಕಡೆಯಿಂದ ಪಶ್ಚಿಮ ಘಟ್ಟ ಕೊರೆದು ಹಾಕಿದ್ದು ಮೀಟರ್‌ಗೇಜ್. ಯಾಕಂದ್ರೆ ಹಾಸನದಲ್ಲಿ ಇದ್ದದ್ದು ಅದೇ.

ಅಮೆರಿಕದವರು ಇದೇ ಕೆಲಸವನ್ನು ಹೇಗೆ ಮಾಡಿದರು ಗೊತ್ತಾ? ಅಲ್ಲಿಯ ದಕ್ಷಿಣದ ರಾಜ್ಯಗಳಲ್ಲಿ ಐದು ಅಡಿಯ ಹಳಿ ಇತ್ತು, ಉತ್ತರದಲ್ಲಿ ಬೇರೆ. 1886ರ ಮೇ 31 ಮತ್ತು ಜೂನ್ 1, ಈ ಎರಡು ದಿನದಲ್ಲಿ ಸುಮಾರು 18,500 ಕಿ.ಮೀ. ಹಳಿಯನ್ನು ಬದಲಿಸಿಬಿಟ್ಟರು. ಎರಡೇ ದಿನ! ಅವರೇನು ಮಂತ್ರ ಹಾಕಲಿಲ್ಲ. ಅಲ್ಲಿ ವ್ಯತ್ಯಾಸ ಇದ್ದದ್ದು ಮೂರು ಇಂಚು. ಮೊದಲೇ ಮೊಳೆ ಹೊಡೆದು ತಯಾರಿ ಮಾಡಿಕೊಂಡು, ಆ ದಿನ ಒಂದು ಕಡೆಯ ಹಳಿಯನ್ನು ಮೂರು ಇಂಚು ಒಳಕ್ಕೆ ತಳ್ಳಿದರು. ಹಳೇ ಸ್ಲೀಪರ್, ಹಳೇ ಸೇತುವೆ, ಹಳೇ ಸುರಂಗ, ಎಲ್ಲ ಹಾಗೇ ನಡೆಯಿತು.

ನಮ್ಮದು ಮೂರು ಇಂಚಲ್ಲ, ಇಪ್ಪತ್ತಾರೂವರೆ ಇಂಚು. ಅದೂ ಕಿರಿದರಿಂದ ಅಗಲಕ್ಕೆ. ಸ್ಲೀಪರ್ ಸಾಲದು, ಏರಿ ಸಾಲದು, ಸೇತುವೆ ತಡೆಯಲ್ಲ, ಸುರಂಗದಲ್ಲಿ ಬೋಗಿ ಹಿಡಿಯಲ್ಲ, ತಿರುವು ತುಂಬಾ ಬಿಗಿ. ಅಂದ್ರೆ ಹೆಸರಿಗೆ ಗೇಜ್ ಪರಿವರ್ತನೆ, ನಿಜದಲ್ಲಿ ಬಹಳಷ್ಟು ಕಡೆ ಹೊಸ ರೈಲು ಮಾರ್ಗವನ್ನೇ ಕಟ್ಟಿದ ಹಾಗೆ.

ಆ ಕೆಲಸಕ್ಕೆ ದೇಶ ಮಟ್ಟದಲ್ಲಿ ಕೈಹಾಕಿದ್ದು 1992ರ ಏಪ್ರಿಲ್‌ನಲ್ಲಿ. ಯೂನಿಗೇಜ್ ಯೋಜನೆ. ಆಗ ರೈಲ್ವೆ ಮಂತ್ರಿ ಆಗಿದ್ದವರು ನಮ್ಮ ಕರ್ನಾಟಕದ ಸಿ.ಕೆ. ಜಾಫರ್ ಷರೀಫ್. ಈ ಹಣವನ್ನು ದಟ್ಟಣೆ ಹೆಚ್ಚಿರುವ ದೊಡ್ಡ ಮಾರ್ಗಗಳಿಗೆ ಹಾಕಿ, ಸಣ್ಣಪುಟ್ಟ ಲೈನ್ ಅಗಲ ಮಾಡಿ ಏನು ಸಿಗುತ್ತೆ ಅನ್ನೋ ವಾದ ಆಗಲೂ ಇತ್ತು. ಅದು ಸುಮ್ಮನೆ ತಳ್ಳಿಹಾಕುವ ವಾದವೂ ಅಲ್ಲ. ಆದರೆ ಮೀಟರ್‌ಗೇಜ್ ಊರಿನಲ್ಲಿ ಕೂತು ನೋಡಿದರೆ ಚಿತ್ರ ಬೇರೆ. 1990ರ ದಶಕದ ಮಧ್ಯದ ಹೊತ್ತಿಗೆ ಬೆಂಗಳೂರು–ಮೈಸೂರು ಅಗಲವಾಯಿತು, ಬೆಂಗಳೂರು–ಹುಬ್ಬಳ್ಳಿ ಅಗಲವಾಯಿತು. ಚೆನ್ನೈನಲ್ಲಿ ಹತ್ತಿದವನು ಮೈಸೂರಿನಲ್ಲಿ ಇಳಿಯೋದು, ಹುಬ್ಬಳ್ಳಿಯಲ್ಲಿ ಹತ್ತಿದವನು ದೆಹಲಿಯಲ್ಲಿ ಇಳಿಯೋದು ಸಾಧ್ಯವಾಯಿತು. ಇವತ್ತು ದೇಶದ ಜಾಲದ ಶೇಕಡಾ 90ಕ್ಕೂ ಹೆಚ್ಚು ಭಾಗ ಬ್ರಾಡ್‌ಗೇಜ್.

ಇಲ್ಲಿಗೆ ಕಥೆ ಸುಖಾಂತ್ಯ ಅಂತ ಮುಗಿಸಬಹುದಿತ್ತು. ಮುಗಿಯಲ್ಲ. ಹಾಸನ–ಮಂಗಳೂರು ಮಾರ್ಗಕ್ಕೆ ಮತ್ತೆ ಬನ್ನಿ. ಗೇಜ್ ಬದಲಿಸೋಕೆ ಅಂತ 1996ರಲ್ಲಿ ಅಲ್ಲಿ ರೈಲು ನಿಂತಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ. ಘಾಟ್. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, ಪ್ರತಿ 50 ಮೀಟರ್‌ಗೆ ಒಂದು ಮೀಟರ್ ಏರು, ಮೇಲಿಂದ ಮಲೆನಾಡಿನ ಮಳೆ ಮತ್ತು ಕುಸಿಯುವ ಗುಡ್ಡ. ಗೂಡ್ಸ್ ಗಾಡಿ ಓಡಿದ್ದು 2006ರಲ್ಲಿ. ಪ್ರಯಾಣಿಕರಿಗೆ ರೈಲು ವಾಪಸ್ ಸಿಕ್ಕಿದ್ದು 2007ರ ಡಿಸೆಂಬರ್‌ನಲ್ಲಿ.

ಹನ್ನೊಂದು ವರ್ಷ. ರೈಲು ನಿಂತ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಗು, ರೈಲು ವಾಪಸ್ ಬರುವ ಹೊತ್ತಿಗೆ ಪಿಯುಸಿ ಓದುತ್ತಿತ್ತು. ಅಷ್ಟೂ ಕಾಲ ಕರಾವಳಿಯಿಂದ ಬೆಂಗಳೂರಿಗೆ ಆಸ್ಪತ್ರೆಗೆ, ಕೆಲಸಕ್ಕೆ, ಓದೋಕೆ ಹೋಗೋರಿಗೆ ಶಿರಾಡಿ, ಚಾರ್ಮಾಡಿ ಘಾಟಿಯ ಬಸ್ಸೇ ಗತಿ. ಗುಂಡಿ ಬಿದ್ದ ರಸ್ತೆ, ಗುಡ್ಡ ಕುಸಿದರೆ ದಾರಿಯೇ ಇಲ್ಲ. ತ್ರಿಪುರಾದ ಅಗರ್ತಲಾ ನೋಡಿ. ಆ ರಾಜಧಾನಿಗೆ ರೈಲು ಬಂದಿದ್ದೇ 2008ರಲ್ಲಿ, ಅದೂ ಮೀಟರ್‌ಗೇಜ್. ಯೂನಿಗೇಜ್ ಶುರುವಾಗಿ ಹದಿನಾರು ವರ್ಷ ಆದ ಮೇಲೆ! ಕೆಲವೇ ವರ್ಷದಲ್ಲಿ ಅದನ್ನೂ ನಿಲ್ಲಿಸಿ, ಕಿತ್ತು, 2016ರಲ್ಲಿ ಬ್ರಾಡ್‌ಗೇಜ್ ರೈಲು ಓಡಿಸಿದರು.

1870ರಲ್ಲಿ ಉಳಿಸಿದ ದುಡ್ಡು ಕಲ್ಕತ್ತಾದ ಖಜಾನೆ ಲೆಕ್ಕದಲ್ಲಿ ಚೆನ್ನಾಗಿ ಕಾಣಿಸಿತು. ಅದಕ್ಕೆ ಬಡ್ಡಿ ಕಟ್ಟಿದವರು ಯಾರು? ಬೆಂಗಳೂರಿನಲ್ಲಿ ಮೂಟೆ ಹೊತ್ತ ಹಮಾಲಿ. ಮಿರಜ್‌ನಲ್ಲಿ ನಡುರಾತ್ರಿ ಟ್ರಂಕು ಎಳೆದ ತಾಯಿ. ಹನ್ನೊಂದು ವರ್ಷ ಘಾಟಿ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಹೋದ ಪುತ್ತೂರಿನ ಹುಡುಗ. ತೀರ್ಮಾನ ತೆಗೆದುಕೊಂಡ ಮೇಜಿನ ಸುತ್ತ ಇವರಲ್ಲಿ ಒಬ್ಬರೂ ಇರಲಿಲ್ಲ.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ ಅಂದ್ರೆ, ಅಂಥ ಮೇಜುಗಳು ಇವತ್ತೂ ಇವೆ. ನಮ್ಮ ಮೆಟ್ರೋ ಓಡೋದು 1,435 ಮಿ.ಮೀ. ಹಳಿ ಮೇಲೆ. ಬೆಂಗಳೂರು ಉಪನಗರ ರೈಲಿಗೆ 1,676. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿಗೆ ಮತ್ತೆ 1,435. ಮೆಟ್ರೋ ತನ್ನದೇ ದಾರಿಯಲ್ಲಿ ಊರೊಳಗೇ ಸುತ್ತುವುದರಿಂದ ಅಲ್ಲಿ ಬೇರೆ ಗೇಜ್ ಇದ್ದರೆ ದೊಡ್ಡ ನಷ್ಟ ಇಲ್ಲ ಅನ್ನೋ ವಾದದಲ್ಲಿ ಹುರುಳಿದೆ. ಆದರೆ ಗೇಜ್ ಅಂದ್ರೆ ಹಳಿಯ ಅಂತರ ಮಾತ್ರ ಅಲ್ಲ. ಮೆಟ್ರೋ ನಿಲ್ದಾಣದಿಂದ ರೈಲ್ವೆ ನಿಲ್ದಾಣಕ್ಕೆ ಸೂಟ್‌ಕೇಸ್ ಎಳೆದುಕೊಂಡು ರಸ್ತೆ ದಾಟಬೇಕಾದರೆ, ಬಸ್ಸಿಗೊಂದು ಕಾರ್ಡ್, ಮೆಟ್ರೋಗೊಂದು ಕಾರ್ಡ್ ಇಟ್ಟುಕೊಳ್ಳಬೇಕಾದರೆ, ಅಲ್ಲೂ ಎರಡು ಗೇಜ್ ಸೇರುವ ನಿಲ್ದಾಣ ಇದೆ ಅಂತಲೇ ಅರ್ಥ. ಈಗ ಹಮಾಲಿಯ ಕೆಲಸ ಮಾಡುತ್ತಿರೋದು ನೀವೇ.

ಮೇಲ್ಸೇತುವೆ, ಸುರಂಗ ರಸ್ತೆ, ಚರಂಡಿ, ಹೊಸ ರೈಲು ಮಾರ್ಗ, ಯಾವುದೇ ದೊಡ್ಡ ಯೋಜನೆಯ ಬಗ್ಗೆ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳಿ. ಇದು ಈಗಾಗಲೇ ಇರುವುದರ ಜೊತೆ ಸೇರುತ್ತಾ? ಮೂವತ್ತು ವರ್ಷದ ಮೇಲೆ ದೊಡ್ಡದು ಮಾಡಬೇಕಾದರೆ ಜಾಗ ಬಿಟ್ಟಿದ್ದಾರಾ? ಇವತ್ತು ಉಳಿಸುವ ದುಡ್ಡಿಗೆ ನಾಳೆ ಬಡ್ಡಿ ಕಟ್ಟೋದು ಯಾರು?

ಮೈಸೂರಿನ ಬರದ ಕಾಲದಲ್ಲಿ ಕಿರಿದು ಹಳಿ ಹಾಕಿದವರನ್ನು ನಾನು ದೂರಲ್ಲ. ಅವತ್ತು ಅನ್ನ ಮುಟ್ಟಿಸಬೇಕಿತ್ತು, ಕೈಲಿ ಕಾಸಿರಲಿಲ್ಲ. ಆದರೆ ಏರಿಯನ್ನು ಅಗಲ ಬಿಟ್ಟು, ಸುರಂಗವನ್ನು ದೊಡ್ಡದಾಗಿ ಕೊರೆದು, ಹಳಿಯನ್ನು ಮಾತ್ರ ಸದ್ಯಕ್ಕೆ ಕಿರಿದು ಹಾಕುವ ದಾರಿಯೂ ಇರುತ್ತೆ. ದುಡ್ಡು ಕಮ್ಮಿ ಇದ್ದಾಗ ಸಣ್ಣದಾಗಿ ಕಟ್ಟೋದು ತಪ್ಪಲ್ಲ. ದೊಡ್ಡದು ಮಾಡುವ ಜಾಗವನ್ನೂ ಮುಚ್ಚಿಬಿಟ್ಟರೆ, ಮೊಮ್ಮಕ್ಕಳು ಹನ್ನೊಂದು ವರ್ಷ ರೈಲು ನಿಲ್ಲಿಸಿ ಗುಡ್ಡ ಕೊರೆಯಬೇಕಾಗುತ್ತೆ.